ಮೇಸ್ತ್ರಿ ತೋರಿಸದ ದಾರಿ

ಇಳಿಜಾರಿನಲ್ಲಿ ಸೈಕಲ್ಲಿನ ಹಿಂದೆ ಮರದ ಕೊಂಬೆ ಕಟ್ಟಿಕೊಂಡು ಇಳಿಯುವುದನ್ನು ನನಗೆ ಕಲಿಸಿದವರು ಹೋದ ವಾರ ತೀರಿಕೊಂಡರು. ಈಗ ಉದಕಮಂಡಲದಲ್ಲಿ ಬಾಡಿಗೆ ಮೋಟಾರುಗಳು ಬಂದಿರುವುದರಿಂದ ಈ ವಿದ್ಯೆ ಯಾರಿಗೂ ಬೇಕಾಗಿಲ್ಲ. ಆದರೂ ಹೇಳಿಬಿಡುತ್ತೇನೆ. ಎಲೆ ತುಂಬಿದ ಆಳೆತ್ತರದ ಕೊಂಬೆಯೊಂದನ್ನು ಹಗ್ಗದಿಂದ ಸೀಟಿನ ಕೆಳಗೆ ಬಿಗಿಯಬೇಕು. ಅದು ನೆಲ ಉಜ್ಜುತ್ತ ಹಿಂದೆ ಬರುವುದರಿಂದ ಸೈಕಲ್ಲು ಓಟ ಕೀಳುವುದಿಲ್ಲ. ಧೂಳು ಏಳುತ್ತದೆ, ಸದ್ದಾಗುತ್ತದೆ, ನೋಡಿದವರಿಗೆ ಪೊದೆಯೊಂದು ಗುಮಾಸ್ತನನ್ನು ಅಟ್ಟಿಸಿಕೊಂಡು ಬಂದಂತೆ ಕಾಣುತ್ತದೆ. ಮೊದಲ ಸಲ ನಾನು ಹೀಗೆ ಘಾಟಿ ಇಳಿದು ಮಸಿನಗುಡಿ ಸೇರಿದಾಗ ಗಾಡಿ ಬಿಚ್ಚಿ ಕೂತಿದ್ದ ನಮ್ಮ ಮೈಸೂರು ಕಡೆಯವನೊಬ್ಬ, "ಏನ್ ಸ್ವಾಮಿ, ಕಾಡೂ ನಿಮ್ ಜೊತೇಲೇ ಇಳಿದ್ಬಂತಾ?" ಎಂದು ಕೇಳಿದ್ದ. ನಾನು ಹಗ್ಗ ಬಿಚ್ಚಲು ಹೋಗಿ ಗಂಟು ಬಿಗಿ ಮಾಡಿಕೊಂಡೆ. ವಿದ್ಯೆ ಕಲಿಸಿದ ಮೇಸ್ತ್ರಿ ನಗಲಿಲ್ಲ. ಕೂತು ಗಂಟು ಬಿಡಿಸಿಕೊಟ್ಟರು.

ಅವರು ರಸ್ತೆ ಮೇಸ್ತ್ರಿ. ಹೆಸರು ಹೇಳುವುದಿಲ್ಲ. ತುಮ್ಮನಟ್ಟಿಯ ಆಚೆ ಇರುವ ಅವರ ಹಟ್ಟಿಯಲ್ಲಿ ಅದೇ ಹೆಸರಿನವರು ಇನ್ನೂ ನಾಲ್ವರಿದ್ದಾರೆ. ಅವರಲ್ಲೊಬ್ಬರು ತಮ್ಮನ್ನೇ ಬರೆದಿದ್ದಾನೆಂದು ಕೋಪಿಸಿಕೊಂಡು ಬಂದರೆ ಏನು ಮಾಡುವುದು ಎಂಬ ಭಯ ನನಗೆ. ಎಲ್ಲರೂ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಬಿಳಿ ತಲೆಪಾಗು, ಮೈ ಸುತ್ತ ಬಿಳಿ ದುಪ್ಪಟಿ, ಅದರೊಳಗೆ ಯಾರೋ ತೋಟದವರು ಕೊಟ್ಟ ಎರಡೇ ಗುಂಡಿ ಉಳಿದ ಕರಿ ಕೋಟು, ಬರಿಗಾಲು. ಊರಿಗೆ ಹಿಂತಿರುಗಿದ ಪಾದ್ರಿಯೊಬ್ಬರು ಬಿಟ್ಟುಹೋದ ಹಳೆಯ ಸೈಕಲ್ಲು. ತಮ್ಮ ಬಡಗರ ಮಾತನ್ನು ನನಗಾಗಿ ಸ್ವಲ್ಪ ತಗ್ಗಿಸಿ ಆಡುತ್ತಿದ್ದರು. ಬರೆಯುವಾಗ ನಾನು ಅದನ್ನು ಇನ್ನಷ್ಟು ತಗ್ಗಿಸಿದ್ದೇನೆ. ಒಂದು ಮಾತನ್ನು ಮಾತ್ರ ಹಾಗೇ ಬಿಡುತ್ತೇನೆ, ಅದಕ್ಕೆ ನನ್ನ ಕನ್ನಡದಲ್ಲಿ ಸರಿಯಾದುದು ಸಿಕ್ಕಿಲ್ಲ. ಕೆಲಸ ಮುಗಿದಾಗ, ಮಳೆ ಬಂದಾಗ, ಟೈರು ಪಂಕ್ಚರಾದಾಗ, ಎಲ್ಲಕ್ಕೂ ಅವರು "ಒಳ್ಳಿತ್ತು" ಎನ್ನುತ್ತಿದ್ದರು. ಒಳ್ಳೆಯದು ಎಂದೇ ಅರ್ಥ. ಆದರೆ ಆಗಿದ್ದು ಆಯಿತು ಎಂಬುದೂ ಅದರೊಳಗೆ ಸೇರಿಕೊಂಡಿರುತ್ತಿತ್ತು.

ನಾವಿಬ್ಬರೂ ಜೊತೆಯಾದದ್ದು ಮಹಾಯುದ್ಧ ಮುಗಿದ ಕೆಲವು ವರ್ಷಕ್ಕೆ. ಜಿಲ್ಲೆಯಲ್ಲಿರುವ ಹಳೆಯದನ್ನೆಲ್ಲ ಪಟ್ಟಿ ಮಾಡಬೇಕೆಂದು ಮೇಲಿನಿಂದ ಹುಕುಂ ಬಂತು. ಬೆಟ್ಟದ ತುದಿಯಲ್ಲಿ ಹಿಂದಿನವರ ಗೋರಿಯ ಸುತ್ತ ನಿಲ್ಲಿಸಿದ ಕಲ್ಲುಬಳೆಗಳು, ಚಿತ್ರ ಕೆತ್ತಿದ ಚಪ್ಪಡಿಮನೆಗಳು, ಗುಹೆಗಳು, ಹಳೆಯ ಚರ್ಚುಗಳು, ಅವುಗಳ ಸಮಾಧಿಗಳು. ಈ ಕೆಲಸಕ್ಕೆ ನನ್ನನ್ನು ಆರಿಸಿದ್ದು ನನ್ನ ವಿದ್ವತ್ತಿಗಾಗಿ ಅಲ್ಲ. ಲಕೋಟೆ ಅಂಟಿಸಿದ ಮೇಲೂ ಒಳಗೆ ಕಾಗದವಿದೆಯೇ ಎಂದು ದೀಪಕ್ಕೆ ಹಿಡಿದು ನೋಡುವವನು ಕಚೇರಿಯಲ್ಲಿ ನಾನೊಬ್ಬನೇ. ನನಗೊಂದು ಸೈಕಲ್ಲು ಕೊಟ್ಟರು. ಅದರ ಮುಂದಿನ ಚಕ್ರಕ್ಕೆ ಮೈಲಿ ಎಣಿಸುವ ಸಣ್ಣ ಯಂತ್ರ ಕೂರಿಸಿತ್ತು. ಚಕ್ರ ಸುತ್ತಿದಷ್ಟು ಸಲ ಟಿಕ್ ಎನ್ನುತ್ತ ಅದು ಮೈಲಿ, ಫರ್ಲಾಂಗು ತೋರಿಸುತ್ತಿತ್ತು. ದಾರಿ ತೋರಿಸಲು ಮೇಸ್ತ್ರಿಯನ್ನು ಕೊಟ್ಟರು. ಹೊರಡುವ ದಿನ ನಾನು ಶಾಯಿ ಸೀಸೆ, ಛತ್ರಿ, ಕ್ವಿನೈನು, ಇನ್ನೊಂದು ಶಾಯಿ ಸೀಸೆ ಎಂದು ಮೂರು ಸಲ ಒಳಗೆ ಹೋಗಿ ಬಂದೆ. ನಾಲ್ಕನೆಯ ಸಲ ನನ್ನ ಹೆಂಡತಿ ಬಾಗಿಲಿಗೆ ಅಡ್ಡ ನಿಂತು, "ಇನ್ನು ಏನು ಮರೆತಿದ್ದರೂ ಅದು ಇಲ್ಲೇ ಇರುತ್ತೆ, ನೀವು ಹೋಗಿ" ಎಂದಳು. ಮೇಸ್ತ್ರಿ ಕೋಟಿನ ಜೇಬಿನಲ್ಲಿ ಎರಡು ಬೇಯಿಸಿದ ಆಲೂಗೆಡ್ಡೆ ಇಟ್ಟುಕೊಂಡು ನಿಂತಿದ್ದರು. ಅವರ ಸಾಮಾನು ಅಷ್ಟೇ.

ರಸ್ತೆಯ ವಿಷಯದಲ್ಲಿ ಅವರಷ್ಟು ಕಟ್ಟುನಿಟ್ಟಿನವರನ್ನು ನಾನು ಕಂಡಿಲ್ಲ. ಯಾರಾದರೂ ದಾರಿ ಕೇಳಿದರೆ ಸೈಕಲ್ಲಿನ ಮೇಲೆ ಕೂತೇ ಕೈ ತೋರಿಸುವವರಲ್ಲ. ಇಳಿದು, ಕಡ್ಡಿಯಿಂದ ಮಣ್ಣಿನ ಮೇಲೆ ಗೀಚಿ, ಹಳ್ಳ, ಮರ, ತಿರುವು ಎಲ್ಲ ಹೇಳಿ, ಕೊನೆಗೆ "ಈಗ ನೀವು ತಿರುಗಿಸಿ ಹೇಳಿ" ಎನ್ನುವರು. ಗೂಡಲೂರಿನ ಇಳಿತದಲ್ಲಿ ಒಬ್ಬ ತೋಟದ ದೊರೆಯ ಕೈಲೂ ಹಾಗೆ ತಿರುಗಿಸಿ ಹೇಳಿಸಿದರು. ನಾನು ಬೆವೆತುಹೋದೆ. ದೊರೆ ಪಾಪ ಒಪ್ಪಿಸಿ ಹೋದ.

ಇನ್ನೊಂದು ಅಭ್ಯಾಸ. ದಾರಿಯಲ್ಲಿ ಎಮ್ಮೆ ಅಡ್ಡ ಬಂದರೆ ಅವರು ಗಂಟೆ ಹೊಡೆಯುತ್ತಿರಲಿಲ್ಲ. ಒಂದು ಕಾಲು ನೆಲಕ್ಕೆ ಊರಿ ನಿಂತುಬಿಡುತ್ತಿದ್ದರು. ನಾನು ಹಿಂದಿನಿಂದ ಟಿಂಗ್ ಟಿಂಗ್ ಎನ್ನಿಸಿದರೆ ತಿರುಗಿ ನೋಡುತ್ತಿದ್ದರು.

"ಮೇಸ್ತ್ರಿ, ಹೊತ್ತಾಗುತ್ತೆ."

"ಆಗಲಿ ಅಯ್ಯ. ಅದೂ ಎಲ್ಲಿಗೋ ಹೊರಟಿದೆ ಅಲ್ಲವಾ?"

ಕಲ್ಲುಬಳೆಯಾಗಲಿ, ಗುಹೆಯಾಗಲಿ, ಚರ್ಚಿನ ಅಂಗಳವಾಗಲಿ, ಹತ್ತಿರ ಬರುತ್ತಿದ್ದಂತೆ ತಲೆಪಾಗು ತೆಗೆದು ಕಂಕುಳಲ್ಲಿ ಇಟ್ಟುಕೊಳ್ಳುವರು. "ಮಲಗಿದ್ದಾರೆ ಅಯ್ಯ, ಮೆಲ್ಲಗೆ ಬನ್ನಿ" ಎನ್ನುವರು. ನಾನು ಅಳತೆ ಟೇಪು ಹಿಡಿದು ಮಲಗಿದವರ ಉದ್ದಗಲ ಬರೆದುಕೊಳ್ಳುತ್ತಿದ್ದೆ. ಜೇನು ಕಟ್ಟಿದ್ದ ಒಂದು ಗುಹೆಯ ಒಳಗೆ ಹೋಗುವ ಧೈರ್ಯ ನನಗೆ ಬರಲಿಲ್ಲ. ಮೇಸ್ತ್ರಿಯೇ ಒಳಗೆ ಹೋಗಿ ಹೆಜ್ಜೆ ಎಣಿಸಿ ಬಂದರು. ಪಟ್ಟಿಯಲ್ಲಿ "ಸ್ವತಃ ನೋಡಿದೆ" ಎಂದು ಬರೆದೆ. ಇಂಥ ಸಣ್ಣ ಸುಳ್ಳಿಗೂ ಎರಡು ದಿನ ನನಗೆ ಊಟ ಸೇರಲಿಲ್ಲ.

ಗೂಡಲೂರು ಕಡೆಯ ಒಂದು ಹಳೆಯ ಚರ್ಚಿನಲ್ಲಿ ನಡೆದದ್ದು ನೆನಪಿದೆ. ಪಾಚಿ ಹಿಡಿದ ಸಮಾಧಿಗಳು, ಜಿಗಣೆ, ಸಣ್ಣ ಮಳೆ. ನಾನು ಕಲ್ಲಿನ ಮೇಲಿನ ಇಂಗ್ಲಿಷು ಹೆಸರುಗಳನ್ನು ಬರೆದುಕೊಳ್ಳುತ್ತಿದ್ದೆ. ಮೇಸ್ತ್ರಿ ಕೇಳಿದರು.

"ಪಟ್ಟಿ ಆದ ಮೇಲೆ ದೊರೆಗಳು ಅಗೆಯುತ್ತಾರೆ ಅಂತಾರಲ್ಲ, ಹೌದಾ ಅಯ್ಯ?"

"ಕೆಲವನ್ನು ಅಗೆಯಬಹುದು. ಒಳಗೆ ಮಡಕೆ, ಮಣಿ, ಮಣ್ಣಿನ ಗೊಂಬೆ ಎಲ್ಲ ಇರುತ್ತಂತೆ. ಹಡಗಿನಲ್ಲಿ ಸೀಮೆಗೆ ಕಳಿಸುತ್ತಾರೆ."

"ಇದನ್ನೂ ಅಗೆಯುತ್ತಾರಾ?"

"ಛೆ ಛೆ, ಇದು ಚರ್ಚು ಮೇಸ್ತ್ರಿ!"

"ಓ" ಎಂದರು. ಕಲ್ಲಿನ ಮೇಲಿನ ಎಲೆಯೊಂದನ್ನು ತೆಗೆದು, "ಒಳ್ಳಿತ್ತು" ಎಂದರು.

ನನಗೆ ಆಗ ಏನೂ ಹೊಳೆಯಲಿಲ್ಲ. ಜಿಗಣೆ ಕಚ್ಚಿದ ಕಡೆ ನಂಜಾಗುತ್ತದೆಯೇ ಎಂದು ಯೋಚಿಸುತ್ತಿದ್ದೆ.

ಮರಳಿ ಬೆಟ್ಟ ಹತ್ತಿದ ಮೇಲೆ ಒಂದು ಹಟ್ಟಿಯಲ್ಲಿ ಸಾವಾಗಿತ್ತು. ಕೊಳಲು, ತಮಟೆ ಕೇಳಿ ಮೇಸ್ತ್ರಿ ಸೈಕಲ್ಲಿನಿಂದ ಇಳಿದರು. ನಾನೂ ಇಳಿದೆ. ಹೆಣದ ಬಳಿ ಒಂದು ಎಮ್ಮೆಗರುವನ್ನು ಹಿಡಿದುಕೊಂಡಿದ್ದರು. ಹಿರಿಯರೊಬ್ಬರು ರಾಗವಾಗಿ ಸತ್ತವನ ಪಾಪಗಳನ್ನು ಒಂದೊಂದಾಗಿ ಹೇಳುತ್ತಿದ್ದರು. ಹಲ್ಲಿ ಕೊಂದದ್ದು, ಎಲ್ಲೆಯ ಕಲ್ಲು ಸರಿಸಿದ್ದು, ಅಣ್ಣತಮ್ಮಂದಿರನ್ನು ಒಡೆದದ್ದು. ಪ್ರತಿಯೊಂದಕ್ಕೂ ಸೇರಿದವರೆಲ್ಲ ಒಂದೇ ದನಿಯಲ್ಲಿ "ಪಾಪ" ಎನ್ನುತ್ತಿದ್ದರು. ಎಲ್ಲ ಹೇಳಿ ಮುಗಿದ ಮೇಲೆ ಕರುವನ್ನು ಬಿಟ್ಟು ಓಡಿಸಿದರು. ಪಾಪವೆಲ್ಲ ಅದರ ಮೇಲೆ ಹೋಯಿತು, ಇನ್ನು ಆ ಕರುವನ್ನು ಯಾರೂ ಕಟ್ಟುವಂತಿಲ್ಲ, ಕರೆಯುವಂತಿಲ್ಲ ಎಂದು ಮೇಸ್ತ್ರಿ ವಿವರಿಸಿದರು.

"ಅಷ್ಟೆಲ್ಲ ಪಾಪ ಅವರೊಬ್ಬರೇ ಮಾಡಿದ್ದರೇ?" ಎಂದು ಕೇಳಿದೆ.

"ಯಾರಿಗೆ ಗೊತ್ತು ಅಯ್ಯ? ಮಾಡಿದ್ದು ಯಾವುದು, ಮಾಡದ್ದು ಯಾವುದು ಅಂತ ಕೂತು ನೋಡಿದರೆ ಹೆಣ ಎತ್ತುವುದು ಯಾವಾಗ? ಎಲ್ಲ ಹೇಳಿಬಿಡುತ್ತೇವೆ. ಒಂದು ಬಿಟ್ಟುಹೋದರೆ ಅವನಿಗೆ ಅಲ್ಲಿ ಕಷ್ಟ." ಆಮೇಲೆ ಸೈಕಲ್ಲು ಹತ್ತುತ್ತ, "ದಾರಿ ಕೇಳಿದವನಿಗೆ ತಪ್ಪು ದಾರಿ ತೋರಿದ ಅಂತಲೂ ಒಂದು ಬರುತ್ತದೆ. ಅದೊಂದನ್ನು ನಾನು ಮಾಡಿಲ್ಲ" ಎಂದರು. ಅವರು ಜಂಬ ಕೊಚ್ಚಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಇದಾದ ಎರಡೇ ದಿನಕ್ಕೆ ತುಮ್ಮನಟ್ಟಿ ದಾಟಿ ಅವರ ಹಟ್ಟಿಯ ಕಡೆ ಹೋದೆವು. ಕೆಂಪು ಹೂವಿನ ದೊಡ್ಡ ಮರವೊಂದರ ಬಳಿ ದಾರಿ ಎರಡಾಗಿ ಒಡೆಯುತ್ತದೆ. ಮೇಸ್ತ್ರಿ ಎಡಕ್ಕೆ ತಿರುಗಿದರು.

"ಬಲಗಡೆಯದು ಎಲ್ಲಿಗೆ ಹೋಗುತ್ತೆ?" ಎಂದೆ.

"ಎಲ್ಲಿಗೂ ಇಲ್ಲ ಅಯ್ಯ. ಜೌಗು. ಎಮ್ಮೆ ಹೋದರೂ ಹೂತುಕೊಳ್ಳುತ್ತದೆ."

ಇಳಿಯಲಿಲ್ಲ. ಕಡ್ಡಿ ಹಿಡಿದು ಗೀಚಲಿಲ್ಲ. ತಿರುಗಿಸಿ ಹೇಳಿ ಎನ್ನಲಿಲ್ಲ. ಎಡದ ದಾರಿ ಇಳಿದು, ಹಳ್ಳ ದಾಟಿ, ಏರಿ, ಬೆಟ್ಟವನ್ನು ಸುತ್ತಿ ಆಚೆ ಬದಿಗೆ ಬಂತು. ಸಂಜೆ ಮನೆಯಲ್ಲಿ ನಕ್ಷೆ ಹಾಸಿ ನೋಡಿದರೆ ಅದರಲ್ಲಿದ್ದ ದಾರಿಗಿಂತ ನನ್ನ ಯಂತ್ರದ ಲೆಕ್ಕ ಒಂದು ಮೈಲಿ ಎರಡು ಫರ್ಲಾಂಗು ಹೆಚ್ಚಿತ್ತು.

ಬೇರೆ ಯಾರಾದರೂ ಆಗಿದ್ದರೆ ಹಾಳಾಗಿ ಹೋಗಲಿ ಎಂದು ಬಿಡುತ್ತಿದ್ದರು. ನನಗೆ ಆ ಒಂದು ಮೈಲಿ ಎರಡು ಫರ್ಲಾಂಗು ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತಿತು. ಮೀನು ತಿನ್ನದ ನನಗೇ ಹಾಗೆ. ಯಂತ್ರ ಕೆಟ್ಟಿದೆಯೇ? ಹಾಗಿದ್ದರೆ ಹಿಂದಿನ ಹದಿಮೂರು ಜಾಗಗಳ ಗತಿಯೇನು? ಭಾನುವಾರ ಯಾರಿಗೂ ಹೇಳದೆ ಒಬ್ಬನೇ ಹೋಗಿ ಬಲಕ್ಕೆ ತಿರುಗಿದೆ.

ಜೌಗು ಇರಲಿಲ್ಲ. ಹುಲ್ಲಿನ ಒಳ್ಳೆಯ ದಾರಿ. ಬೆಟ್ಟದ ನೆತ್ತಿಯಲ್ಲಿ ಸೊಂಟದೆತ್ತರದ ಕಲ್ಲುಗಳ ಬಳೆ, ನಡುವೆ ಮೂರು ಚಪ್ಪಡಿ. ನಾನು ಆವರೆಗೆ ಕಂಡ ಎಲ್ಲಕ್ಕಿಂತ ದೊಡ್ಡದು, ಒಂದು ಕಲ್ಲೂ ಅಲುಗಿರಲಿಲ್ಲ. ನಡುವಿನ ಚಪ್ಪಡಿಯ ಮೇಲೆ ಒಂದು ಹಿಡಿ ಹೊಸ ಸಾಮೆ ಇತ್ತು. ಹಕ್ಕಿ ಚೆಲ್ಲಿರಬೇಕೆಂದುಕೊಂಡೆ. ಹಕ್ಕಿ ಹಿಡಿ ಕಟ್ಟಿ ಚೆಲ್ಲುವುದಿಲ್ಲ ಎಂಬುದು ಹೊಳೆದದ್ದು ಬಹಳ ತಡವಾಗಿ. ಅಳೆದೆ, ದೂರ ಬರೆದುಕೊಂಡೆ. ಯಂತ್ರ ಕೆಟ್ಟಿಲ್ಲವಲ್ಲ ಎಂಬ ಸಂತೋಷದಲ್ಲಿ ಇಳಿಯುವಾಗ ಕೊಂಬೆ ಕಟ್ಟುವುದನ್ನೂ ಮರೆತೆ.

ಸೋಮವಾರ ಮೇಸ್ತ್ರಿ ಕಚೇರಿಯ ಹೊರಗೆ ಟೈರಿಗೆ ಗಾಳಿ ಹೊಡೆಯುತ್ತಿದ್ದರು.

"ಮೇಸ್ತ್ರಿ, ನಿಮಗೇ ಗೊತ್ತಿಲ್ಲದ್ದೊಂದನ್ನು ಕಂಡುಹಿಡಿದೆ! ನಿಮ್ಮ ಹಟ್ಟಿಯ ಮೇಲೇ ಇದೆ!"

ಪಂಪು ನಿಂತಿತು. ಅವರು ತಲೆ ಎತ್ತಲಿಲ್ಲ.

"ಬರೆದಿರಾ ಅಯ್ಯ?"

"ಬರೆದೆ. ಹದಿನಾಲ್ಕನೆಯ ನಂಬರು."

"ಪೆನ್ಸಿಲಿನಲ್ಲಾ?"

"ಶಾಯಿಯಲ್ಲಿ."

ಟೈರು ಒತ್ತಿ ನೋಡುತ್ತ ಕೇಳಿದರು: "ಹೊಡೆದುಹಾಕಲು ಬರುವುದಿಲ್ಲವಾ?"

ಜೌಗು ಎಂದದ್ದು ಯಾಕೆಂದು ಆಗ ನನಗೆ ಅರ್ಥವಾಯಿತು. ಮುಖ ಕಾದ ಬಾಣಲೆಯಂತಾಯಿತು. ಇಲ್ಲಿ ನಾನು ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ರಿಜಿಸ್ಟರು ಆಗ ಇನ್ನೂ ನನ್ನ ಕೈಯಲ್ಲೇ, ಕಂಕುಳಲ್ಲೇ ಇತ್ತು. ಒಂದು ಗೆರೆ ಎಳೆದಿದ್ದರೆ ಮುಗಿಯುತ್ತಿತ್ತು. ಆದರೆ ಪುಟಗಳಿಗೆ ನಂಬರು ಹಾಕಿತ್ತು. ಗೆರೆ ಎಳೆದರೆ ಪಕ್ಕದಲ್ಲಿ ಸಹಿ ಹಾಕಬೇಕು. ಸಹಿ ಹಾಕಿದರೆ ಯಾಕೆಂದು ಕೇಳುತ್ತಾರೆ. ಕೇಳಿದರೆ ನಾನು ಏನು ಹೇಳಲಿ?

"ಚಿತ್ತು ಮಾಡುವ ಹಾಗಿಲ್ಲ ಮೇಸ್ತ್ರಿ" ಎಂದೆ. "ಸರ್ಕಾರಿ ಪುಸ್ತಕ."

"ಒಳ್ಳಿತ್ತು" ಎಂದು ಅವರು ಮತ್ತೆ ಗಾಳಿ ಹೊಡೆಯತೊಡಗಿದರು.

ಪಟ್ಟಿ ಮೇಲೆ ಹೋಯಿತು. ಹೋದ ಮರುದಿನದಿಂದ ನನಗೆ ಧೈರ್ಯ ಬಂತು. ನನ್ನ ಧೈರ್ಯ ಯಾವಾಗಲೂ ಟಪಾಲು ಹೊರಟ ಮೇಲೆ ಬರುವಂಥದು. ಹದಿನಾಲ್ಕನೆಯ ನಂಬರು ತಪ್ಪಾಗಿ ಸೇರಿದೆ, ದಯಮಾಡಿ ತೆಗೆಯಬೇಕು ಎಂದು ಬರೆದು ಹೆಡ್ ಗುಮಾಸ್ತರ ಮುಂದೆ ಇಟ್ಟೆ. ಅವರು ಕನ್ನಡಕದ ಮೇಲಿನಿಂದ ನೋಡಿ, "ಏನ್ರೀ ತಪ್ಪು? ಕಲ್ಲು ಅಲ್ಲಿ ಇಲ್ವೋ?" ಎಂದರು.

"ಇದೆ ಸಾರ್."

"ಮತ್ತೆ? ಕಲ್ಲೇ ತಪ್ಪು ಮಾಡಿ ಅಲ್ಲಿ ಕೂತಿದೆಯೋ?"

ಇಡೀ ಕಚೇರಿ ನಕ್ಕಿತು. ನಾನೂ ನಕ್ಕೆ. ಕಾಗದ ನನಗೇ ವಾಪಸು ಬಂತು.

ಮುಂದಿನ ವರ್ಷ ಅಗೆಯುವ ದೊರೆ ಬಂದ. ದಾರಿ ತೋರಿಸಲು ನನ್ನನ್ನು ಕರೆದಾಗ ಜ್ವರವೆಂದು ಹೇಳಿ ಹೊದ್ದು ಮಲಗಿದೆ. ನಾನಿಲ್ಲದಿದ್ದರೆ ಹುಡುಕಲಾರರು ಎಂದು ನನ್ನ ಲೆಕ್ಕ. ಆದರೆ ನಾನು ಫರ್ಲಾಂಗಿನವರೆಗೆ ಬರೆದಿದ್ದೆ, ಕೆಂಪು ಹೂವಿನ ಮರ, ಬಲಕ್ಕೆ ತಿರುಗಬೇಕು ಎಂಬುದನ್ನೂ ಬಿಟ್ಟಿರಲಿಲ್ಲ. ದೊರೆ ಕಾಗದ ನೋಡಿಕೊಂಡು ನೇರವಾಗಿ ಹೋದನಂತೆ. ಹಾರೆ ಹಿಡಿಯಲು ಆಳು ಬೇಕಾಯಿತು. ಹತ್ತಿರದ ರಸ್ತೆ ಆಳುಗಳನ್ನು ಕಳಿಸಿ ಎಂದು ಹುಕುಂ ಹೋಯಿತು. ಆ ಆಳುಗಳ ಮೇಸ್ತ್ರಿ ಯಾರೆಂದು ಹೇಳಬೇಕಾಗಿಲ್ಲ.

ಅಲ್ಲಿ ಹಾರೆ ಹಿಡಿದವನೊಬ್ಬ ಆಮೇಲೆ ನನಗೆ ಹೇಳಿದ. ಮೇಸ್ತ್ರಿ ತಲೆಪಾಗು ತೆಗೆದು ಕೈಯಲ್ಲಿ ಹಿಡಿದು ಅತ್ತ ತಿರುಗಿ ನಿಂತಿದ್ದರಂತೆ. ಮಳೆ ಸುರಿದರೂ ಹಾಕಿಕೊಳ್ಳಲಿಲ್ಲವಂತೆ. ಎಮ್ಮೆಯ ಗೊಂಬೆ ಕೂರಿಸಿದ ಮುಚ್ಚಳದ ಮಡಕೆಗಳು, ಸ್ವಲ್ಪ ಬೂದಿ, ಮಣಿಗಳು ಹೊರಬಂದವು. ಹುಲ್ಲು ತುಂಬಿದ ಪೆಟ್ಟಿಗೆಗಳಲ್ಲಿ ಮಲಗಿ ಹೋದವು. ಕೆಳಗೆ ಹಟ್ಟಿಯವರೆಲ್ಲ ನಿಂತು ನೋಡಿದರು. ವರ್ಷವರ್ಷ ಹೊಸ ಬೆಳೆಯ ಮೊದಲ ಹಿಡಿ ಇಡುತ್ತಿದ್ದ ಜಾಗ. ಅವರಿಗೆ ಕಂಡದ್ದು ದೊರೆ, ಹಾರೆ, ಪಕ್ಕದಲ್ಲಿ ತಮ್ಮವರೇ ಆದ ಮೇಸ್ತ್ರಿ. ಸರ್ಕಾರದ ಗುಮಾಸ್ತನ ಜೊತೆ ಸೈಕಲ್ಲಿನಲ್ಲಿ ತಿರುಗಿದವರು ಅವರೇ ಅಲ್ಲವೇ? ತೋರಿಸಿದ್ದು ಇನ್ನಾರು?

ಸುದ್ದಿ ತಿಳಿದು ನಾನು ಹೋದೆ. ಮೇಸ್ತ್ರಿ ರಸ್ತೆಯಲ್ಲಿ ಜಲ್ಲಿ ಹಾಸುತ್ತಿದ್ದರು.

"ನಿಮ್ಮ ಹಟ್ಟಿಯ ಗೌಡರ ಹತ್ತಿರ ಬರುತ್ತೇನೆ. ನಾನೇ ಬರೆದದ್ದು ಅಂತ ಹೇಳುತ್ತೇನೆ" ಎಂದೆ. ಈ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ.

"ಹೇಳಿದರೆ ಏನಾಗುತ್ತದೆ ಅಯ್ಯ? ಪೆಟ್ಟಿಗೆ ಹಡಗು ಹತ್ತಿ ಹೋಗಿದೆ."

"ನಿಮ್ಮ ಮೇಲಿನ ಮಾತಾದರೂ ಹೋಗುತ್ತೆ."

"ಆಮೇಲೆ ನಿಮ್ಮ ಮೇಲೆ ಬರುತ್ತದೆ. ನಾಳೆ ಪಟ್ಟಾ ಕಾಗದ, ಅರ್ಜಿ ಅಂದರೆ ನಮ್ಮವರು ನಿಮ್ಮ ಮೇಜಿಗೇ ಬರಬೇಕು. ಕೋಪ ಮಾಡಿಕೊಂಡ ಮೇಲೆ ಹೇಗೆ ಬರುತ್ತಾರೆ? ನನ್ನ ಮೇಲಿರಲಿ. ನಾನು ಇಲ್ಲೇ ಇರುವವನು, ಬಯ್ಯಲು ಹತ್ತಿರ."

ನನಗೆ ಕಣ್ಣು ತುಂಬಿತು. ಜೊತೆಗೇ, ಎದೆಯ ಮೇಲಿನ ಕಲ್ಲು ಇಳಿದಂತೆ ಹಗುರವೂ ಆಯಿತು. ಈ ಎರಡನೆಯದಕ್ಕಾಗಿ ನನ್ನನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಮುಂದೆ ಹದಿನಾಲ್ಕು ವರ್ಷ ಅವರು ಅದೇ ಹಟ್ಟಿಯಲ್ಲಿ ಇದ್ದರು. ಯಾರೂ ಅವರನ್ನು ಹೊರಗೆ ಹಾಕಲಿಲ್ಲ. ಕರೆಯುವುದನ್ನು ನಿಲ್ಲಿಸಿದರು, ಅಷ್ಟೇ. ಪಂಚಾಯ್ತಿ ಕೂತಾಗ ಅವರು ಕೂರುತ್ತಿದ್ದ ಕಲ್ಲಿನ ಮೇಲೆ ಬೇರೆಯವರು ಕೂತರು. ಅವರು ಸೈಕಲ್ಲಿಗೆ ಒರಗಿ ಅಂಚಿನಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ನಾನು ವರ್ಷಕ್ಕೆರಡು ಸಲ ಏನಾದರೂ ನೆಪ ಮಾಡಿಕೊಂಡು ಹೋಗುತ್ತಿದ್ದೆ. ಬೇಯಿಸಿದ ಆಲೂಗೆಡ್ಡೆ ಕೊಡುತ್ತಿದ್ದರು. ಪ್ರತಿ ಸಲವೂ ಗೌಡರ ಮನೆಯ ಮುಂದೆ ಸೈಕಲ್ಲು ನಿಧಾನ ಮಾಡುತ್ತಿದ್ದೆ. ಪ್ರತಿ ಸಲವೂ ಇಳಿಜಾರು ನನ್ನನ್ನು ಮುಂದಕ್ಕೆ ಕರೆದುಕೊಂಡು ಹೋಗುತ್ತಿತ್ತು. ಕೊಂಬೆ ಕಟ್ಟಿದ್ದರೂ.

ಹೋದ ವಾರ ಅವರ ಹಟ್ಟಿಯಲ್ಲಿ ಕೊಳಲು, ತಮಟೆ. ಕರುವನ್ನು ತಂದು ನಿಲ್ಲಿಸಿದ್ದರು. ನಾನು ಗುಂಪಿನ ಹಿಂದೆ ಮೇಸ್ತ್ರಿಯ ದಾಯಾದಿ ಅಣ್ಣ ಒಬ್ಬರ ಪಕ್ಕದಲ್ಲಿ ನಿಂತೆ. ಹಿರಿಯರು ರಾಗವೆತ್ತಿ ಹೇಳತೊಡಗಿದರು. ಹಾವು, ಹಲ್ಲಿ, ಎಲ್ಲೆಯ ಕಲ್ಲು. ಪಾಪ, ಪಾಪ, ಪಾಪ. ಆಮೇಲೆ ಬಂತು.

"ದಾರಿ ಕೇಳಿದವನಿಗೆ ತಪ್ಪು ದಾರಿ ತೋರಿದ."

"ಪಾಪ" ಎಂದರು ಎಲ್ಲರೂ. ಎಲ್ಲರಿಗೂ ಹೇಳುವ ಮಾತು ಅದು, ಯಾರೂ ಗಮನ ಕೊಡಲಿಲ್ಲ. ಆ ದಾರಿ ಕೇಳಿದವನು ಅಲ್ಲೇ ನಿಂತಿದ್ದ. ಒಂದು ಬಿಟ್ಟುಹೋದರೆ ಕಷ್ಟ ಎಂದಿದ್ದರಲ್ಲ ಎಂದು ನಾನೂ "ಪಾಪ" ಎಂದೆ. ದನಿ ಹೊರಟಿತೋ ಇಲ್ಲವೋ.

ಹಿರಿಯರು ಅಲ್ಲಿಗೆ ನಿಲ್ಲಿಸಲಿಲ್ಲ. ಆಮೇಲೆ ಪಟ್ಟಿಯಲ್ಲಿಲ್ಲದ್ದೊಂದನ್ನು ಸೇರಿಸಿದರು.

"ಮಲಗಿದವರ ಕಲ್ಲನ್ನು ದೊರೆಗೆ ತೋರಿದ."

ಈ ಸಲದ "ಪಾಪ" ಬೆಟ್ಟಕ್ಕೆ ಬಡಿಯಿತು.

ನಾನು ಪಕ್ಕದವರ ದುಪ್ಪಟಿ ಹಿಡಿದೆ. "ಅದು ಅವರಲ್ಲ. ನಾನು. ನಾನು ಬರೆದದ್ದು. ಅವರು ನನಗೆ ಬೇರೆ ದಾರಿ ತೋರಿದರು, ತೋರಿಸಬಾರದು ಅಂತಲೇ. ತಿಳಿದೂ ತಿಳಿದೂ."

ಅವರು ತಿರುಗಿ ನನ್ನನ್ನು ನೋಡಿದರು. ಮುಖದಿಂದ ಕಾಲಿನವರೆಗೆ, ಮತ್ತೆ ಕಾಲಿನಿಂದ ಮುಖದವರೆಗೆ.

"ಈಗ ಹೇಳುತ್ತೀರಾ ಅಯ್ಯ?"

ನಾನು ಹಿಡಿದಿದ್ದ ದುಪ್ಪಟಿ ಬಿಟ್ಟೆ.

"ದಾರಿಯದು, ಕಲ್ಲಿನದು, ಎರಡೂ ಹೇಳಿ ಆಯಿತು" ಎಂದರು ಅವರು. "ನೋಡಿ, ಕರು ಬಿಟ್ಟರು. ಇನ್ನು ಹಿಂದಕ್ಕೆ ಕರೆಯುವಂತಿಲ್ಲ."

ಗುಂಪು ದಾರಿ ಬಿಟ್ಟಿತು. ಕರು ಒಮ್ಮೆ ಎಡವಿ, ಎದ್ದು, ಬೇಲಿಯ ಪಕ್ಕದಿಂದ ಓಡಿಹೋಯಿತು. ಹೆಂಗಸರು ಅಳುತ್ತಿದ್ದರು. ಮೇಸ್ತ್ರಿಯ ದಾಯಾದಿ ದುಪ್ಪಟಿಯಲ್ಲಿ ಮುಖ ಮುಚ್ಚಿಕೊಂಡು ಕೂತುಬಿಟ್ಟರು. ಅವರಿಗೆ ಇನ್ನೇನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಹೆಣ ಎತ್ತಿದರು.

ಹಿಂತಿರುಗುವಾಗ ಕೆಂಪು ಹೂವಿನ ಮರದ ತಿರುವಿನಲ್ಲಿ ಅದೇ ಕರು ದಾರಿಯ ನಡುವೆ ಅಡ್ಡ ನಿಂತಿತ್ತು. ಹೆಬ್ಬೆರಳು ತಾನಾಗಿ ಗಂಟೆಗೆ ಹೋಯಿತು, ಹಿಂದಕ್ಕೆ ತೆಗೆದುಕೊಂಡೆ. ಒಂದು ಕಾಲು ನೆಲಕ್ಕೆ ಊರಿ ನಿಂತೆ. ಮೋಡ ಕವಿಯುತ್ತಿತ್ತು, ಛತ್ರಿ ತಂದಿರಲಿಲ್ಲ, ಹಿಂದಿನ ಟೈರಿನಲ್ಲಿ ಗಾಳಿ ಕಡಿಮೆ ಇತ್ತು. ಕರು ನನ್ನನ್ನೇ ನೋಡುತ್ತಿತ್ತು. ಸರಿಯುವ ಆತುರ ಅದಕ್ಕೇನೂ ಇರಲಿಲ್ಲ.